ದಾಖಲೆ ತುಂಬುವ ಫಾರ್ಮ್‌ನಲ್ಲಿ ಸರಿಯಾದ ಕಂಟ್ರೋಲ್ ಆರಿಸಿಕೊಳ್ಳುವುದು

ದಾಖಲೆಗಳನ್ನು ಕೋಷ್ಟಕಗಳಲ್ಲಿ ಇಡುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಫಾರ್ಮ್ ರಚಿಸುವವರು ಎಲ್ಲ ಕಡೆಯೂ ಟೆಕ್ಸ್ಟ್ ಬಾಕ್ಸ್ (ಟೈಪ್ ಮಾಡಿ ತುಂಬುವ ಕಂಟ್ರೋಲ್) ಇಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಒಂದೇ ವಿಭಾಗವನ್ನು ಒಬ್ಬರು ‘ಲೆಕ್ಕಪತ್ರ’ ಎಂದೂ ಇನ್ನೊಬ್ಬರು ‘ಲೆಕ್ಕ ಪತ್ರ’ ಎಂದೂ ಟೈಪ್ ಮಾಡಿದರೆ, ವರದಿ ತೆಗೆಯುವಾಗ ಅವು ಎರಡು ಬೇರೆ ವಿಭಾಗಗಳಾಗಿಯೇ ಕಾಣಿಸುತ್ತವೆ.

ಇಂತಹ ಕಡೆ ಪಟ್ಟಿಯಿಂದ ಆರಿಸಿಕೊಳ್ಳುವ ಕಾಂಬೊ ಬಾಕ್ಸ್ ಬಳಸಿ. ಪಟ್ಟಿ ಎಲ್ಲಿಂದ ಬರಬೇಕೆಂದು ಹೇಳುವ ಅದರ ರೋ ಸೋರ್ಸ್‌ಗೆ ವಿಭಾಗಗಳ ಕೋಷ್ಟಕವನ್ನು (ಮೊದಲ ಕಾಲಂ ಐಡಿ, ಎರಡನೆಯದು ಹೆಸರು) ಕೊಟ್ಟು, ಕಾಲಂ ಕೌಂಟ್ 2 ಎಂದೂ ಬೌಂಡ್ ಕಾಲಂ (ದಾಖಲೆಗೆ ಸೇರುವ ಕಾಲಂ) 1 ಎಂದೂ ನಮೂದಿಸಿ, ಕಾಲಂ ವಿಡ್ತ್ಸ್‌ನಲ್ಲಿ ಮೊದಲ ಅಗಲವನ್ನು 0 ಮಾಡಿದರೆ, ದಾಖಲೆಯಲ್ಲಿ ವಿಭಾಗದ ಐಡಿ ಉಳಿಯುತ್ತದೆ, ತುಂಬುವವರಿಗೆ ಹೆಸರು ಮಾತ್ರ ಕಾಣುತ್ತದೆ. ಲಿಮಿಟ್ ಟು ಲಿಸ್ಟ್ ‘ಯೆಸ್’ ಆಗಿದ್ದರೆ ಪಟ್ಟಿಯಲ್ಲಿಲ್ಲದ ಹೆಸರು ಒಳಗೆ ಬರುವುದಿಲ್ಲ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಹಳೆಯ ದಾಖಲೆ ಹುಡುಕಲೆಂದು ಫಾರ್ಮ್ ಹೆಡರ್‌ನಲ್ಲಿ ಇಡುವ ಕಾಂಬೊ ಬಾಕ್ಸ್‌ನ ಕಂಟ್ರೋಲ್ ಸೋರ್ಸ್ (ಆರಿಸಿದ ಮೌಲ್ಯ ಯಾವ ಫೀಲ್ಡ್‌ಗೆ ಸೇರಬೇಕೆಂಬ ನಮೂದು) ಖಾಲಿಯಾಗಿರಬೇಕು. ಅಲ್ಲಿ ಯಾವುದಾದರೂ ಫೀಲ್ಡ್‌ನ ಹೆಸರಿದ್ದರೆ, ಹುಡುಕಲು ಆರಿಸಿದ ಮೌಲ್ಯವು ಎದುರಿಗಿರುವ ದಾಖಲೆಯ ಮೇಲೆಯೇ ಬರೆಯಲ್ಪಡುತ್ತದೆ, ಮತ್ತು ಸಾಮಾನ್ಯವಾಗಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ದಾಖಲೆಗಳು ಹೀಗೆ ಸದ್ದಿಲ್ಲದೆ ಕೆಡುವುದು ಅತ್ಯಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಮೂರು-ನಾಲ್ಕೇ ಆಯ್ಕೆಗಳಿದ್ದರೆ, ಅವನ್ನೆಲ್ಲ ಒಟ್ಟಿಗೆ ತೋರಿಸಿ ಒಂದನ್ನು ಆರಿಸಲು ಬಿಡುವ ಆಪ್ಷನ್ ಗ್ರೂಪ್ ಚೆನ್ನ. ಆದರೆ ಅದು ಸಂಖ್ಯೆಯನ್ನು ಉಳಿಸುವುದರಿಂದ ಅದರ ಫೀಲ್ಡ್ ಕೂಡ ನಂಬರ್ ಬಗೆಯದಾಗಿರಲಿ. ಲೆಕ್ಕ ಹಾಕಿ ತೋರಿಸುವ ಟೆಕ್ಸ್ಟ್ ಬಾಕ್ಸ್‌ಗಳಿಗೆ ಟ್ಯಾಬ್ ಸ್ಟಾಪ್ (ಟ್ಯಾಬ್ ಕೀ ಒತ್ತಿದಾಗ ಅಲ್ಲಿ ನಿಲ್ಲುವುದು) ‘ನೋ’ ಮಾಡಿ, ಉಳಿದವುಗಳ ಟ್ಯಾಬ್ ಆರ್ಡರ್ ಅನ್ನು ಮೂಲ ಕಾಗದದ ಅರ್ಜಿಯ ಕ್ರಮಕ್ಕೆ ಹೊಂದಿಸಿ.