ನಾಯಿ ಜೊತೆಗಿದ್ದಾಗ ಚಿರತೆ, ಕರಡಿ ಎದುರಾದರೆ

ಕಾಡಂಚಿನಲ್ಲಿ ನಾಯಿಯನ್ನು ಬಿಟ್ಟು ನಡೆಯಬೇಡಿ. ಬಿಟ್ಟ ನಾಯಿ ಬೊಗಳುತ್ತಾ ಕರಡಿಯತ್ತ ನುಗ್ಗುತ್ತದೆ; ಕರಡಿ ತಿರುಗಿಬಿದ್ದರೆ ನಾಯಿ ನೇರ ನಿಮ್ಮ ಕಾಲಬುಡಕ್ಕೇ ವಾಪಸ್, ಹಿಂದೆಯೇ ಕರಡಿ! ಒಂದೂವರೆಯಿಂದ ಎರಡು ಮೀಟರಿನ ಗಟ್ಟಿ ಬೆಲ್ಟ್ ಸಾಕು. ನಾಯಿ ಎಳೆದಂತೆ ತಾನೇ ಉದ್ದವಾಗುವಂಥದ್ದು ಇಲ್ಲಿ ಬೇಡವೇ ಬೇಡ: ನಾಯಿ ಪೊದೆಯೊಳಗಿರುತ್ತದೆ, ತೆಳು ದಾರ ಹಿಡಿದೆಳೆದರೆ ಬೆರಳು ಕೊಯ್ಯುತ್ತದೆ. ಬೆಲ್ಟನ್ನು ಸೊಂಟಕ್ಕೂ ಕಟ್ಟಿಕೊಳ್ಳಬೇಡಿ, ಜಗ್ಗಿದರೆ ಬೀಳುವುದು ನೀವೇ.

ನಾಯಿ ತಟ್ಟನೆ ನಿಂತು, ಬೆನ್ನಿನ ಕೂದಲು ನಿಮಿರಿಸಿ ಒಂದೇ ಕಡೆ ದಿಟ್ಟಿಸಿದರೆ ಮುಂದೆ ಹೋಗಬೇಡಿ. ಬೆಲ್ಟ್ ಗಿಡ್ಡ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳಿ.

ಪ್ರಾಣಿ ಕಂಡರೆ ಓಡಬೇಡಿ, ಬೆನ್ನು ತೋರಿಸಬೇಡಿ. ಚಿರತೆಯಾದರೆ ಕೈ ಮೇಲೆತ್ತಿ ಜೋರಾಗಿ ಕೂಗಿ, ಅದರ ಮೇಲಿನ ಕಣ್ಣು ತೆಗೆಯದೆ ನಿಧಾನಕ್ಕೆ ಹಿಂದೆ ಸರಿಯಿರಿ. ದೂರದಲ್ಲೇ ನಿಂತ ಕರಡಿಗೆ ಕೂಗಾಟ ಬೇಡ. ತಗ್ಗಿದ ದನಿಯಲ್ಲಿ ಮಾತಾಡುತ್ತಾ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಮರಿಗಳಿದ್ದರಂತೂ ಖಂಡಿತ.

ಸಣ್ಣ ನಾಯಿಯನ್ನು ಎತ್ತಿಕೊಳ್ಳಬಹುದು, ಆದರೆ ಕುಕ್ಕರಗಾಲಲ್ಲಿ ಕೂತಲ್ಲ. ಕುಗ್ಗಿದ ಆಕೃತಿ ಚಿರತೆಯ ಕಣ್ಣಿಗೆ ಬೇಟೆಯೇ. ಬೆನ್ನ ಮೇಲೆ ಹಿಡಿಯಿರುವ ಎದೆಪಟ್ಟಿ ಹಾಕಿದ್ದರೆ ಒಂದೇ ಕೈಯಲ್ಲಿ ಮೇಲೆತ್ತಬಹುದು. ಕತ್ತಿನ ಪಟ್ಟಿ ಹಿಡಿದು ಎತ್ತಿದರೆ ಉಸಿರು ಕಟ್ಟುತ್ತದೆ.