ಫಿನ್ ಅಂಟಿಸೋ ಮುಂಚೆ ಇದೊಂದು ನೋಡ್ಕೊಳ್ಳಿ

ದೊಡ್ಡ ರಾಕೆಟ್ ಮನೇಲೇ ಮಾಡ್ತಿರೋರು ಫಿನ್‌ನ (ಬಾಲದ ಹತ್ರ ಇರೋ ರೆಕ್ಕೆ) ಬರೀ ಹೊರಗಿನ ಟ್ಯೂಬಿಗೆ ಅಂಟಿಸಿ ಬಿಡಬೇಡಿ, ಟ್ಯೂಬಲ್ಲಿ ಸೀಳು ಕೊರೆದು ಫಿನ್ ಒಳಗಿನ ಮೋಟಾರ್ (ಇಂಧನ ಉರಿದು ರಾಕೆಟ್‌ನ ತಳ್ಳೋ ಭಾಗ) ಕೂರೋ ಟ್ಯೂಬ್‌ವರೆಗೂ ಹೋಗಿ ಕೂರೋ ಹಾಗೆ ಮಾಡಿ, ಅಲ್ಲೂ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚೋ ಗಟ್ಟಿ ಅಂಟು) ಹಾಕಿ. ಅಂಟೋ ಜಾಗನ 80 ಗ್ರಿಟ್ ಸ್ಯಾಂಡ್‌ಪೇಪರಲ್ಲಿ ಹೊಳಪು ಹೋಗೋವರೆಗೂ ಉಜ್ಜಲೇಬೇಕು, ನಾನು ಒಂದ್ಸಲ ಅವಸರದಲ್ಲಿ ಉಜ್ಜದೆ ಅಂಟಿಸಿದ್ದೆ, ಇಳಿಯುವಾಗ ನೆಲಕ್ಕೆ ತಾಗಿದ್ದೇ ತಡ ಫಿನ್ ಎಪಾಕ್ಸಿ ಸಮೇತ ಸಿಪ್ಪೆ ಥರ ಕಿತ್ಕೊಂಡು ಬಂತು. 5 ನಿಮಿಷದ ಎಪಾಕ್ಸಿ ಬೇಡ, ನಿಧಾನಕ್ಕೆ ಗಟ್ಟಿಯಾಗೋದೇ ತಗೊಳ್ಳಿ.

ಆಮೇಲೆ ಮೋಟಾರ್, ಪ್ಯಾರಾಚೂಟ್ ಎಲ್ಲಾ ತುಂಬಿ ದಾರದಲ್ಲಿ ತೂಗುಹಾಕಿ ರಾಕೆಟ್ ಸಮವಾಗಿ ನಿಲ್ಲೋ ಜಾಗ, ಅಂದ್ರೆ ತೂಕದ ಕೇಂದ್ರ, ಗುರುತು ಮಾಡಿ, ಅದು ಗಾಳಿ ಒತ್ತಡದ ಕೇಂದ್ರಕ್ಕಿಂತ (ಹಾರುವಾಗ ಗಾಳಿಯ ಒತ್ತಡವೆಲ್ಲ ಒಟ್ಟಾಗಿ ಬೀಳುತ್ತೆ ಅಂತ ಲೆಕ್ಕ ಹಾಕೋ ಜಾಗ) ಟ್ಯೂಬಿನ ಒಂದು ವ್ಯಾಸದಷ್ಟಾದ್ರೂ ಮೂತಿ ಕಡೆ ಇರಬೇಕು, ಇಲ್ಲಾಂದ್ರೆ ಮೂತಿಗೆ ತೂಕ ಸೇರಿಸಿ. ಖಾಲಿ ರಾಕೆಟ್‌ನ ಅಳತೆ ನಂಬಬೇಡಿ, ಮೋಟಾರ್ ಹಾಕಿದ ಮೇಲೆ ಕೇಂದ್ರ ಹಿಂದಕ್ಕೆ ಸರಿಯುತ್ತೆ.