ಫ್ಲೋರೈಡ್ ನೀರಿನ ಊರಿನಲ್ಲಿ ಮಕ್ಕಳ ಹಲ್ಲು ಕಾಪಾಡುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಮುಂತಾದ ಕಡೆ ಆಳದ ಕೊಳವೆಬಾವಿಯ ನೀರು ಕುಡಿದು ಬೆಳೆದ ಅನೇಕರ ಹಲ್ಲಿನ ಮೇಲೆ ಕಾಣುವ ಕಂದು ಕಲೆ ಹಲ್ಲುಜ್ಜದ ಸೋಮಾರಿತನದ ಗುರುತಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿದ್ದಾಗಲೇ ನೀರಿನಲ್ಲಿದ್ದ ಹೆಚ್ಚುವರಿ ಫ್ಲೋರೈಡ್ ಎಂಬ ಲವಣಾಂಶ ಹಲ್ಲಿನ ಗಟ್ಟಿ ಹೊರಹೊದಿಕೆಯಾದ ಎನಾಮೆಲ್ ಪದರವನ್ನು ಕೆಡಿಸಿರುತ್ತದೆ. ಬುದ್ಧಿಹಲ್ಲನ್ನು ಬಿಟ್ಟರೆ ಉಳಿದ ಶಾಶ್ವತ ಹಲ್ಲುಗಳ ಎನಾಮೆಲ್ ಸುಮಾರು ಎಂಟನೆಯ ವಯಸ್ಸಿನೊಳಗೆ ಸಿದ್ಧವಾಗುವುದರಿಂದ, ಈ ಕಲೆಯನ್ನು ತಡೆಯಲು ನಮಗಿರುವ ಕಾಲ ಅಷ್ಟೇ.

ಈ ಸಂಬಂಧವನ್ನು ಅರಿಯಲು ದಂತವೈದ್ಯರಿಗೆ ಮೂವತ್ತು ವರ್ಷ ಹಿಡಿಯಿತು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಹಲ್ಲಿನ ಕಂದು ಕಲೆಗೆ ನೀರೇ ಕಾರಣವಿರಬೇಕೆಂದು ಶಂಕಿಸಿದರೂ, ಅದು ಫ್ಲೋರೈಡ್ ಎಂದು ರಸಾಯನತಜ್ಞ ಎಚ್. ವಿ. ಚರ್ಚಿಲ್ ಗುರುತಿಸಿದ್ದು 1931ರಲ್ಲಿ. ಕಲೆಯಿದ್ದ ಹಲ್ಲುಗಳಿಗೆ ಹುಳುಕು ಕಡಿಮೆ ಎಂಬುದನ್ನೂ ಮೆಕೇ ಕಂಡಿದ್ದರು. ಆ ಎಳೆಯನ್ನೇ ಹಿಡಿದು, ಹುಳುಕು ತಡೆಯಲೆಂದು 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಅಳತೆಯಿಟ್ಟು ಫ್ಲೋರೈಡ್ ಬೆರೆಸಿತು. ಅಲ್ಲಿ ಬೆರೆಸಿದ್ದನ್ನು ನಾವು ಇಲ್ಲಿ ತೆಗೆಯಬೇಕಾಗಿದೆ.

ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದನ್ನು ಬೇರೆಯಾಗಿ ತೋರಿಸುವುದೂ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ; ಬೇರೆ ನೀರೇ ಸಿಗದಿದ್ದಾಗ ಮಾತ್ರ 1.5ರವರೆಗೆ ಒಪ್ಪಬಹುದು.

ಹೆಚ್ಚಿದ್ದರೆ ಕುದಿಸುವುದರಿಂದ ಪ್ರಯೋಜನವಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರವಾದ್ದರಿಂದ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ತಡೆಯದು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರು ಆ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಘಟಕದೊಳಗೆ ನೀರನ್ನು ಸೋಸುವ ತೆಳುಪೊರೆ (ಮೆಂಬ್ರೇನ್) ಸವೆದಿರುವುದು ಹೊರಗಿನಿಂದ ಕಾಣಿಸುವುದಿಲ್ಲ. ಮೊದಲ ಮಳೆಯನ್ನು ಹರಿಯಬಿಟ್ಟು, ಸ್ವಚ್ಛವಾದ ಚಾವಣಿಯಿಂದ ಮುಚ್ಚಿದ ತೊಟ್ಟಿಗೆ ಹಿಡಿದ ಮಳೆನೀರನ್ನು ಸೋಸಿ ಕುದಿಸಿ ಬಳಸುವುದೂ ಒಳ್ಳೆಯ ದಾರಿ.

ಹಲವು ಮನೆಗಳಲ್ಲಿ ಕುಡಿಯಲು ಒಳ್ಳೆಯ ನೀರು ತಂದು, ಅನ್ನ ಸಾರಿಗೆ ಮಾತ್ರ ಕೊಳವೆಬಾವಿಯ ನೀರನ್ನೇ ಬಳಸುತ್ತಾರೆ. ಅಡುಗೆಯ ಮೂಲಕವೂ ಫ್ಲೋರೈಡ್ ಮಗುವಿನ ಹೊಟ್ಟೆ ಸೇರುತ್ತದೆ. ಎದೆಹಾಲಿನಲ್ಲಿ ಫ್ಲೋರೈಡ್ ತೀರ ಕಡಿಮೆ. ಆದರೆ ಪುಡಿಹಾಲನ್ನು ಈ ನೀರಿನಲ್ಲಿ ಕಲಸಿ ಕುಡಿಸಬೇಡಿ. ಚಹಾ ಎಲೆಯಲ್ಲಿಯೇ ಫ್ಲೋರೈಡ್ ಇರುವುದರಿಂದ ಪುಟ್ಟ ಮಕ್ಕಳಿಗೆ ಚಹಾ ಬೇಡ.

ಹೀಗೆಂದು ಹಲ್ಲುಜ್ಜುವುದನ್ನು ಬಿಡಬಾರದು; ಗುಳಿಬಿದ್ದ ಎನಾಮೆಲ್ ಬೇಗ ಹುಳುಕಾಗಬಹುದು. ಹಲವು ಪೇಸ್ಟುಗಳಲ್ಲೂ ಫ್ಲೋರೈಡ್ ಇರುವುದರಿಂದ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು, ಅದನ್ನು ನುಂಗದೆ ಉಗಿಯುವುದನ್ನು ಎದುರಿಗೆ ನಿಂತು ಕಲಿಸಿ. ನೀರಿನ ಪರೀಕ್ಷಾ ವರದಿಯನ್ನು ತೋರಿಸಿದರೆ ಯಾವ ಪೇಸ್ಟ್ ತಕ್ಕದ್ದೆಂದು ದಂತವೈದ್ಯರು ಹೇಳುತ್ತಾರೆ.

ಕಲೆ ಈಗಾಗಲೇ ಮೂಡಿದ್ದರೆ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕಬೇಡಿ. ಕಲೆ ಹೋಗುವುದಿಲ್ಲ, ಎನಾಮೆಲ್ ಸವೆಯುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗುವನ್ನು ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಕಲೆ ತೆಳುವಾಗಿದ್ದರೆ ಮೇಲ್ಪದರವನ್ನು ನಯವಾಗಿ ಉಜ್ಜಿ ತೆಗೆಯುತ್ತಾರೆ, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಲೇಪ ಕೂರಿಸುತ್ತಾರೆ.